ಇಫ್ತಾರ್‌ನ ತಟ್ಟೆ, ಮೆಸ್ಸಿನ ಪುಸ್ತಕ



ಪವಿತ್ರ ಕುರ್‌ಆನಿನ ಅಲ್ ಅಅ್‌ರಾಫ್ ಅಧ್ಯಾಯದ 31ನೇ ಸೂಕ್ತದಲ್ಲಿ ಅಲ್ಲಾಹನು ನಮಗೆ ತಿನ್ನಲು, ಕುಡಿಯಲು ಅನುಮತಿ ಕೊಟ್ಟಿದ್ದಾನೆ. ಅದರ ಬೆನ್ನಿಗೇ ಮಿತಿ ಮೀರುವುದನ್ನು ತಡೆದಿದ್ದಾನೆ. ಅನುಮತಿಯ ಭಾಗ ನಮಗೆಲ್ಲ ಚೆನ್ನಾಗಿ ನೆನಪಿದೆ. ಉಳಿದ ಭಾಗ ರಮಝಾನ್‌ನಲ್ಲಾದರೂ ನೆನಪಾಗಬೇಕಿತ್ತು. ಆದರೆ ವರ್ಷದ ಹನ್ನೆರಡು ತಿಂಗಳಲ್ಲಿ ನಿಮ್ಮ ರೂಮಿನಲ್ಲಿ ಅತಿ ಹೆಚ್ಚು ಎಣ್ಣೆ, ಸಕ್ಕರೆ, ಕೋಳಿ ಖರ್ಚಾದ ತಿಂಗಳು ಯಾವುದೆಂದು ಮೆಸ್ಸಿನ ಪುಸ್ತಕ ತೆರೆದು ನೋಡಿ. ಹಗಲು ಹದಿಮೂರು ಗಂಟೆ ಹಸಿದಿರುವ ತಿಂಗಳೇ ಅದು.

ಈ ಪಾಠ ಮುಖ್ಯವಾಗಿ ಮೈಭಾರ ಜಾಸ್ತಿಯಾಗಿ, ಇಳಿಸಲು ಎರಡು ಮೂರು ಸಲ ಹೊರಟು, ನಡುದಾರಿಯಲ್ಲಿ ಕೈಬಿಟ್ಟ ಸಹೋದರರಿಗಾಗಿ. ಸಪೂರ ಇರುವವರು ಪುಟ ತಿರುಗಿಸಬೇಡಿ. ನಿಮಗೂ ಇದರಲ್ಲಿ ಒಂದು ಕೆಲಸವಿದೆ.

ಮೊದಲು ನಿಯ್ಯತ್‌ನ ಮಾತು. ಉಪವಾಸ ಅಲ್ಲಾಹನಿಗಾಗಿ. ತೂಕ ಇಳಿಯಲಿ ಎಂದು ಹಿಡಿಯುವ ಹಸಿವು ಡಯಟ್ ಆದೀತು, ಇಬಾದತ್ ಆಗದು. ಉಪವಾಸದ ಜೊತೆಗೆ ದೇಹಕ್ಕೂ ಲಾಭವಾದರೆ ಅಲ್‌ಹಮ್ದುಲಿಲ್ಲಾಹ್, ಅದು ಅವನ ಅನುಗ್ರಹ. ಆದರೆ ಆ ಲಾಭ ತಾನಾಗಿ ಬಂದು ಉಳಿಯುತ್ತದೆ ಎಂದುಕೊಳ್ಳಬೇಡಿ. ರಮಝಾನ್ ಉಪವಾಸ ಮತ್ತು ತೂಕದ ಬಗ್ಗೆ ನಡೆದ ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ ಸಿಕ್ಕಿದ್ದಿಷ್ಟು: ತಿಂಗಳಲ್ಲಿ ಸರಾಸರಿ ಸುಮಾರು ಒಂದು ಕಿಲೊ ಇಳಿಯುತ್ತದೆ, ಈದ್ ಕಳೆದ ಕೆಲವೇ ವಾರಗಳಲ್ಲಿ ಅದರ ದೊಡ್ಡ ಪಾಲು ವಾಪಸ್ ಬರುತ್ತದೆ. ಒಂದು ಕಿಲೊಗಾಗಿ ಈ ಪಾಠ ಬೇಕಿರಲಿಲ್ಲ. ಶವ್ವಾಲ್, ದುಲ್‌ಕಅದ, ಮುಂದಿನ ರಮಝಾನ್‌ವರೆಗೂ ಉಳಿಯುವ ಒಂದು ಅಭ್ಯಾಸವನ್ನು ಈ ತಿಂಗಳಲ್ಲಿ ಶುರು ಮಾಡುವುದು ಹೇಗೆ ಎಂಬುದೇ ಇಲ್ಲಿಯ ವಿಷಯ.

ನಾವು ಯಾಕೆ ಅತಿಯಾಗಿ ತಿನ್ನುತ್ತೇವೆ

ಹೊಟ್ಟೆಬಾಕ ಎಂದು ಬೈದುಬಿಡುವುದು ಸುಲಭ. ಆದರೆ ಗಲ್ಫ್‌ನ ರೂಮಿನಲ್ಲಿ ಬದುಕುವವನ ಹೊಟ್ಟೆಯ ಕಥೆ ಅಷ್ಟು ಸರಳವಲ್ಲ.

ಡ್ಯೂಟಿ ಮುಗಿಸಿ ಬಂದವನಿಗೆ ಬಾಗಿಲಲ್ಲಿ ಕಾಯುವವರು ಯಾರೂ ಇಲ್ಲ. ಹೆಂಡತಿ ಮಕ್ಕಳು ಫೋನಿನ ಪರದೆಯಲ್ಲಿದ್ದಾರೆ. ಸಂಬಳದ ದೊಡ್ಡ ಪಾಲು ಊರಿಗೆ, ಸಮಯದ ದೊಡ್ಡ ಪಾಲು ಕಂಪೆನಿಗೆ. ಇಡೀ ದಿನದಲ್ಲಿ ಇದು ನನ್ನದು ಎಂದು ಹೇಳಿಕೊಳ್ಳಲು ಉಳಿದಿರುವ ಸುಖ ಎದುರಿಗಿರುವ ತಟ್ಟೆ ಒಂದೇ. ಊರಿನಿಂದ ಕೆಟ್ಟ ಸುದ್ದಿ ಬಂದ ರಾತ್ರಿ, ಸಾಲದವರು ಫೋನ್ ಮಾಡಿದ ರಾತ್ರಿ, ಮಗನ ಶಾಲೆಯ ಕಾರ್ಯಕ್ರಮವನ್ನು ವೀಡಿಯೊದಲ್ಲಿ ನೋಡಿದ ರಾತ್ರಿ, ಹಸಿವಿಲ್ಲದಿದ್ದರೂ ಕೈ ಬಾಯಿಗೆ ಹೋಗುತ್ತದೆ. ನಮ್ಮಲ್ಲಿ ಎಷ್ಟೋ ಮಂದಿ ಮಾಂಸದ ಸಾರು ವಾರಕ್ಕೊಮ್ಮೆಯೂ ಇಲ್ಲದ ಮನೆಗಳಲ್ಲಿ ಬೆಳೆದವರು. ಸಿಕ್ಕಾಗ ತಿಂದುಬಿಡು, ನಾಳೆ ಇರಲಿಕ್ಕಿಲ್ಲ ಎಂದು ದೇಹಕ್ಕೆ ಕಲಿಸಿದ್ದು ಆ ದಿನಗಳು. ಈಗ ದಿನಾ ಸಿಗುತ್ತಿದೆ. ಪಾಠ ಮಾತ್ರ ಹಳೆಯದೇ ಉಳಿದಿದೆ.

ಇನ್ನೊಂದು ಕಾರಣಕ್ಕೆ ನಾವು ಧರ್ಮದ ಹೆಸರು ಕೊಡುತ್ತೇವೆ. ಅನ್ನ ಬಿಸಾಡಬಾರದು ಎಂದು ಹೇಳಿ, ಹೊಟ್ಟೆ ಬೇಡವೆಂದ ಮೇಲೂ ತಟ್ಟೆ ಖಾಲಿ ಮಾಡುತ್ತೇವೆ. ಬಿಸಾಡಬಾರದು ಎಂಬುದು ನಿಜ. ಆದರೆ ನಾಲ್ಕು ಮಂದಿಗೆ ಆರು ಮಂದಿಯ ಅಡುಗೆ ಮಾಡಿದಾಗಲೇ ಇಸ್ರಾಫ್, ಅಂದರೆ ದುಂದು, ಆಗಿಹೋಯಿತು. ಉಳಿದದ್ದನ್ನು ಡಸ್ಟ್‌ಬಿನ್‌ಗೆ ಹಾಕುವ ಬದಲು ಹೊಟ್ಟೆಗೆ ಹಾಕಿದರೆ ದುಂದು ಪುಣ್ಯವಾಗುವುದಿಲ್ಲ. ದಾರಿ ಇರುವುದು ಅಡುಗೆಯ ಪಾತ್ರೆಯಲ್ಲಿ. ಅಕ್ಕಿ ಅಳೆಯುವ ಡಬ್ಬದಲ್ಲಿ ಒಂದು ಡಬ್ಬ ಕಡಿಮೆ ಹಾಕಿ. ಒಬ್ಬನ ಊಟ ಇಬ್ಬರಿಗೆ, ಇಬ್ಬರದ್ದು ನಾಲ್ವರಿಗೆ ಸಾಕು ಎಂಬ ಅರ್ಥದ ಪ್ರವಾದಿ(ಸ)ರ ಬೋಧನೆಯನ್ನು ಅಡುಗೆಯ ಸರದಿ ಇರುವವನು ಒಮ್ಮೆ ನೆನಪಿಸಿಕೊಂಡರೆ ಆರು ಮಂದಿಯ ಹೊಟ್ಟೆ ಉಳಿದೀತು.

ಮಸೀದಿಯ ಅಂಗಳದ ಇಫ್ತಾರ್‌ನ ವಿಷಯ ಹೇಳಲು ಸ್ವಲ್ಪ ಸಂಕೋಚವಾಗುತ್ತದೆ, ಆದರೂ ಹೇಳಬೇಕು. ದಾನಿಗಳು ಪ್ರೀತಿಯಿಂದ ಕೊಡುವ ಊಟ ಅದು. ಉದ್ದಕ್ಕೆ ಹಾಸಿದ ಸುಫ್ರಾ, ಖರ್ಜೂರ, ಲಬನ್, ಸಂಬೂಸ, ಅನ್ನ ಕೋಳಿಯ ಬಾಕ್ಸ್. ಅಲ್ಲಿ ಒಂದು ತಿಂದು, ಇನ್ನೊಂದನ್ನು ಕೈಯಲ್ಲಿ ಹಿಡಿದು ರೂಮಿಗೆ ಬಂದು, ಅಲ್ಲಿ ಮೆಸ್ಸಿನ ಊಟವನ್ನೂ ಮಾಡಿ, ತರಾವೀಹ್‌ಗೆ ನಿಂತಾಗ ಬಗ್ಗಲು ಆಗದೆ ಒದ್ದಾಡುವವರನ್ನು ನಾವೆಲ್ಲ ನೋಡಿದ್ದೇವೆ. ಪುಕ್ಕಟೆ ಸಿಕ್ಕ ಅನ್ನಕ್ಕೂ ದೇಹದ ಲೆಕ್ಕದಲ್ಲಿ ರಿಯಾಯಿತಿ ಇಲ್ಲ. ಎರಡನೇ ಬಾಕ್ಸ್ ಬೇಕಾದವನು ಸಾಲಿನ ಕೊನೆಯಲ್ಲಿ ಕೂತಿರುತ್ತಾನೆ, ಅವನಿಗೆ ಬಿಡಿ.

ನಿದ್ದೆಗೆಟ್ಟರೆ ಹಸಿವು ಹೆಚ್ಚುತ್ತದೆ ಎಂಬುದು ವೈದ್ಯಶಾಸ್ತ್ರಕ್ಕೆ ತಿಳಿದ ವಿಷಯ. ರಮಝಾನ್‌ನಲ್ಲಿ ಮುಸ್ಲಿಂ ಕಾರ್ಮಿಕರಿಗೆ ದಿನಕ್ಕೆ ಆರು ಗಂಟೆಯಷ್ಟೇ ಕೆಲಸ ಎಂದು ಸೌದಿಯ ಕಾರ್ಮಿಕ ಕಾನೂನು ಹೇಳುತ್ತದೆ. ಆದರೆ ಅಂಗಡಿ, ಬೂಫಿಯಾ, ಡ್ರೈವಿಂಗ್ ಕೆಲಸದವರ ರಾತ್ರಿ ಹೇಗಿರುತ್ತದೆ ಎಂದು ನಿಮಗೆ ಗೊತ್ತು. ಅಂಥವರು ಇಫ್ತಾರ್‌ನಿಂದ ಸಹರಿಯವರೆಗೆ ಎಚ್ಚರ ಇರುತ್ತಾರೆ, ಎಚ್ಚರ ಇರುವಷ್ಟೂ ಹೊತ್ತು ಚಹಾ, ಪರೋಟ, ಬಿಸ್ಕತ್ತು. ಸಾಧ್ಯವಾದರೆ ಝುಹರ್ ನಂತರ ಒಂದು ಗಂಟೆ ಮಲಗಿ. ಅದೂ ತೂಕದ ಔಷಧಿಯೇ.

ಇಫ್ತಾರ್‌ನ ಮೊದಲ ಇಪ್ಪತ್ತು ನಿಮಿಷ

ಪ್ರವಾದಿ(ಸ)ರು ಮಗ್ರಿಬ್ ನಮಾಝ್‌ಗೆ ಮುನ್ನ ಕೆಲವು ತಾಜಾ ಖರ್ಜೂರಗಳಿಂದ, ಅದಿಲ್ಲದಿದ್ದರೆ ಒಣ ಖರ್ಜೂರದಿಂದ, ಅದೂ ಇಲ್ಲದಿದ್ದರೆ ಕೆಲವು ಗುಟುಕು ನೀರಿನಿಂದ ಉಪವಾಸ ಬಿಡುತ್ತಿದ್ದರೆಂದು ಹಝ್ರತ್ ಅನಸ್(ರ) ತಿಳಿಸಿದ್ದಾರೆ. ಅಬೂ ದಾವೂದ್ ಮತ್ತು ತಿರ್ಮಿದಿಯಲ್ಲಿ ಈ ಹದೀಸ್ ಇದೆ. ಖರ್ಜೂರ, ನೀರು, ನಂತರ ನಮಾಝ್. ಆ ಕ್ರಮದಲ್ಲಿ ಒಂದು ದೊಡ್ಡ ಉಪಕಾರವಿದೆ. ಹೊಟ್ಟೆ ತುಂಬಿದೆ ಎಂಬ ಸಂದೇಶ ತಲೆಗೆ ಮುಟ್ಟಲು ಸುಮಾರು ಇಪ್ಪತ್ತು ನಿಮಿಷ ಬೇಕು. ಅದು ಮುಟ್ಟುವ ಮೊದಲೇ ಆರು ಸಂಬೂಸ ಒಳಗೆ ಹೋದರೆ ಸಂದೇಶ ಬಂದು ಏನು ಪ್ರಯೋಜನ? ಮೂರು ಖರ್ಜೂರ, ಎರಡು ಲೋಟ ನೀರು, ಮಗ್ರಿಬ್, ಸುನ್ನತ್, ಆಮೇಲೆ ಊಟಕ್ಕೆ ಕೂರುವವನು ಅರ್ಧ ಗೆದ್ದಂತೆ. ಈ ಪಾಠದಲ್ಲಿ ಒಂದನ್ನೇ ಪಾಲಿಸುವುದಾದರೆ ಇದನ್ನು ಪಾಲಿಸಿ ಎಂದು ನಾನು ಹೇಳುತ್ತೇನೆ.

ಎಷ್ಟು ತಿನ್ನಬೇಕು ಎಂಬುದಕ್ಕೆ ಹಝ್ರತ್ ಮಿಕ್ದಾಮ್(ರ) ವರದಿ ಮಾಡಿದ, ತಿರ್ಮಿದಿಯಲ್ಲಿರುವ ಹದೀಸ್ ನಿಮಗೆಲ್ಲ ಗೊತ್ತಿರುವಂಥದ್ದೇ. ಬೆನ್ನು ನೇರ ನಿಲ್ಲುವಷ್ಟು ತುತ್ತುಗಳು ಸಾಕು, ಅದಕ್ಕಿಂತ ಹೆಚ್ಚು ಬೇಕೇ ಬೇಕೆಂದರೆ ಹೊಟ್ಟೆಯ ಮೂರನೇ ಒಂದು ಭಾಗ ಆಹಾರಕ್ಕೆ, ಒಂದು ಭಾಗ ನೀರಿಗೆ, ಒಂದು ಭಾಗ ಉಸಿರಿಗೆ ಎಂಬುದು ಅದರ ಸಾರ. ನಾವು ಈ ಮೂರನೇ ಒಂದನ್ನು ಆದರ್ಶವೆಂದು ಹೇಳುತ್ತೇವೆ. ಹದೀಸನ್ನು ಇನ್ನೊಮ್ಮೆ ಓದಿ ನೋಡಿ. ಅದು ಗರಿಷ್ಠ ಮಿತಿ.

ದೊಡ್ಡ ತಟ್ಟೆಯ ಸುತ್ತ ನಾಲ್ಕು ಮಂದಿ ಕೂತು ಉಣ್ಣುವಾಗ ಯಾರು ಎಷ್ಟು ತಿಂದರು ಎಂಬುದು ಯಾರಿಗೂ ಗೊತ್ತಾಗುವುದಿಲ್ಲ. ಒಟ್ಟಿಗೆ ಉಣ್ಣುವುದರಲ್ಲಿ ಬರಕತ್ ಇದೆ, ಅದನ್ನು ಬಿಡಬೇಡಿ. ತಮ್ಮ ಆಶ್ರಯದಲ್ಲಿ ಬೆಳೆಯುತ್ತಿದ್ದ ಬಾಲಕ ಉಮರ್ ಬಿನ್ ಅಬೀ ಸಲಮ(ರ)ರಿಗೆ ಪ್ರವಾದಿ(ಸ)ರು ತನ್ನ ಹತ್ತಿರದ ಭಾಗದಿಂದ ಉಣ್ಣಲು ಕಲಿಸಿದ್ದರಲ್ಲವೇ? ಅದನ್ನೇ ಅಳತೆಯಾಗಿ ಮಾಡಿಕೊಳ್ಳಿ. ಬಿಸ್ಮಿಲ್ಲಾಹ್ ಹೇಳುವ ಮೊದಲೇ ನಿಮ್ಮ ಪಾಲನ್ನು ನಿಮ್ಮ ಎದುರಿಗೆ ಎಳೆದುಕೊಳ್ಳಿ, ಅದು ಮುಗಿದರೆ ಊಟ ಮುಗಿಯಿತು. ಸೌತೆ, ಟೊಮೆಟೊ, ಎಲೆಕೋಸು ಮೊದಲು, ಕೋಳಿ ಅಥವಾ ಬೇಳೆ ಆಮೇಲೆ, ಅನ್ನ ಅಥವಾ ಖುಬೂಸ್ ಕೊನೆಗೆ. ಎರಡೂ ಬೇಡ, ಒಂದು ಸಾಕು.

ಕುಡಿಯುವುದರಲ್ಲಿ ನಾವು ಲೆಕ್ಕವನ್ನೇ ಇಡುವುದಿಲ್ಲ. 330 ಮಿಲಿಲೀಟರಿನ ಒಂದು ಕ್ಯಾನ್ ಕೋಲಾದಲ್ಲಿ ಸುಮಾರು 35 ಗ್ರಾಂ ಸಕ್ಕರೆ ಇದೆ, ಅಂದರೆ ಎಂಟು ಒಂಬತ್ತು ಚಹಾ ಚಮಚ. ಸೇರಿಸಿದ ಸಕ್ಕರೆ ದಿನಕ್ಕೆ ಸುಮಾರು 25 ಗ್ರಾಂ, ಅಂದರೆ ಆರು ಚಮಚಕ್ಕಿಂತ ಕಡಿಮೆ ಇದ್ದರೆ ಇನ್ನೂ ಒಳ್ಳೆಯದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ಇಫ್ತಾರ್‌ಗೆ ಎರಡು ಲೋಟ ಕೆಂಪು ಶರಬತ್ತು, ರಾತ್ರಿಗೆ ಮೂರು ಚಮಚ ಸಕ್ಕರೆಯ ನಾಲ್ಕು ಚಹಾ. ಅನ್ನ ಮುಟ್ಟದೆಯೇ ಮೂರು ನಾಲ್ಕು ದಿನದ ಸಕ್ಕರೆ ಒಳಗೆ ಹೋಯಿತು. ಚಹಾ ಬಿಡಬೇಕಿಲ್ಲ. ವಾರಕ್ಕೆ ಅರ್ಧ ಚಮಚದಂತೆ ಸಕ್ಕರೆ ಇಳಿಸಿ. ನಾಲಿಗೆ ತಿಂಗಳೊಳಗೆ ಒಗ್ಗಿಕೊಳ್ಳುತ್ತದೆ.

ಸಹರಿ ಬಿಡಬೇಡಿ. ಅದರಲ್ಲಿ ಬರಕತ್ ಇದೆ, ಬಿಟ್ಟವನು ಇಫ್ತಾರ್‌ನಲ್ಲಿ ಎರಡರಷ್ಟು ತಿನ್ನುತ್ತಾನೆ ಕೂಡ. ಮೊಟ್ಟೆ, ಮೊಸರು, ಬೇಯಿಸಿದ ಕಡಲೆ, ಓಟ್ಸ್, ಊರಿನಿಂದ ತಂದ ಕುಚ್ಚಲಕ್ಕಿಯ ಗಂಜಿ, ರಾಗಿ ಅಂಬಲಿ, ಇವು ಹೆಚ್ಚು ಹೊತ್ತು ಹೊಟ್ಟೆಯಲ್ಲಿ ನಿಲ್ಲುತ್ತವೆ. ಉಪ್ಪಿನಕಾಯಿ ಕಡಿಮೆ ಇರಲಿ, ಹಗಲು ಬಾಯಾರುವುದು ತಪ್ಪುತ್ತದೆ.

ನಡಿಗೆ ಒಳ್ಳೆಯದು, ಆದರೆ ನಡೆದದ್ದನ್ನು ನಂಬಿ ತಿನ್ನಬೇಡಿ. ಸಾಧಾರಣ ಮೈಕಟ್ಟಿನವನು ಒಂದು ಗಂಟೆ ಚುರುಕಾಗಿ ನಡೆದರೆ 250ರಿಂದ 300 ಕ್ಯಾಲೊರಿ ಖರ್ಚಾದೀತು. ಎಣ್ಣೆಯಲ್ಲಿ ಕರಿದ ಎರಡು ದೊಡ್ಡ ಸಮೋಸ ಅದನ್ನು ಮರಳಿ ತುಂಬಿಬಿಡುತ್ತವೆ. ಇಪ್ಪತ್ತು ರಕಅತ್ ತರಾವೀಹ್ ಮಾಡಿದ್ದೇನೆ, ಎಲ್ಲ ಕರಗಿತು ಎಂದು ಬೂಫಿಯಾಕ್ಕೆ ಹೋಗುವವರಿಗೂ ಇದೇ ಮಾತು. ತರಾವೀಹ್‌ನ ಕೂಲಿ ಅಲ್ಲಾಹನ ಬಳಿ ಇದೆ, ಅದನ್ನು ಪರೋಟದ ಅಂಗಡಿಯಲ್ಲಿ ಕೇಳಬೇಡಿ.

ಔಷಧಿ ತೆಗೆದುಕೊಳ್ಳುವವರಿಗೆ

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಉಪವಾಸ ಹಿಡಿಯಬಾರದು, ಊಟ ಕಡಿಮೆಯೂ ಮಾಡಬಾರದು. ಊಟ ಕಡಿಮೆಯಾಗಿ ಔಷಧಿಯ ಪ್ರಮಾಣ ಹಾಗೇ ಉಳಿದರೆ ಸಕ್ಕರೆ ಕುಸಿದು ಪ್ರಜ್ಞೆ ತಪ್ಪಬಹುದು. ಬೆರಳಿನಿಂದ ಒಂದು ಹನಿ ರಕ್ತ ತೆಗೆದು ಪರೀಕ್ಷಿಸುವುದರಿಂದ ಉಪವಾಸ ಮುರಿಯುವುದಿಲ್ಲ ಎಂದು ವಿದ್ವಾಂಸರು ಹೇಳುತ್ತಾರೆ. ಸಕ್ಕರೆ 70ಕ್ಕಿಂತ ಕೆಳಗೆ ಇಳಿದರೆ ಅಥವಾ 300 ದಾಟಿದರೆ ಮಗ್ರಿಬ್‌ಗೆ ಹತ್ತು ನಿಮಿಷ ಉಳಿದಿದ್ದರೂ ಉಪವಾಸ ಬಿಡಬೇಕು. ರೋಗಿಗೆ ಅಲ್ಲಾಹನು ಕೊಟ್ಟಿರುವ ವಿನಾಯಿತಿಯನ್ನು ಬೇಡವೆನ್ನುವುದು ಶೌರ್ಯವಲ್ಲ.

ಇನ್ನೊಂದು ವಿಷಯ. ಯಾರೂ ಇಲ್ಲದಾಗ ಕದ್ದು, ನಿಲ್ಲಿಸಲಾಗದೆ, ಹೊಟ್ಟೆ ನೋಯುವವರೆಗೆ ತಿಂದು ಆಮೇಲೆ ನಾಚಿಕೆಯಿಂದ ಕುಗ್ಗುವುದು ಅಥವಾ ಬೇಕೆಂದೇ ವಾಂತಿ ಮಾಡುವುದು ನಿಮ್ಮಲ್ಲಿ ಪದೇ ಪದೇ ಆಗುತ್ತಿದ್ದರೆ, ಅದು ಚಿಕಿತ್ಸೆ ಇರುವ ಕಾಯಿಲೆ. ಡಾಕ್ಟರಿಗೆ ಹೇಳಿ. ದುಆ ಮಾಡಿ, ಜೊತೆಗೆ ಡಾಕ್ಟರಿಗೂ ಹೇಳಿ.

ಸಲ್ಮಾನ್(ರ) ಮಾಡಿದ ಕೆಲಸ

ಇಷ್ಟೆಲ್ಲ ನಿಮಗೆ ಮೊದಲೇ ಗೊತ್ತಿತ್ತು. ಸಕ್ಕರೆ ಕೆಟ್ಟದ್ದು, ಎಣ್ಣೆ ಕಡಿಮೆ ಮಾಡಬೇಕು ಎಂಬುದು ಯಾರಿಗೆ ಗೊತ್ತಿಲ್ಲ? ಗೊತ್ತಿದ್ದೂ ಮೂರನೇ ವಾರದಲ್ಲಿ ಕೈಬಿಡುತ್ತೇವೆ, ಏಕೆಂದರೆ ಕೇಳುವವರು ಯಾರೂ ಇಲ್ಲ. ಊರಿನಲ್ಲಾದರೆ ಉಮ್ಮ ಕೇಳುತ್ತಾರೆ, ಹೆಂಡತಿ ಕೇಳುತ್ತಾಳೆ. ಇಲ್ಲಿ ರೂಮಿನಲ್ಲಿ ಆರು ಮಂದಿ ಇದ್ದರೂ ಅವನ ಹೊಟ್ಟೆ ಅವನದು ಎಂದು ಎಲ್ಲರೂ ಸುಮ್ಮನಿರುತ್ತಾರೆ. ಇಲ್ಲವೇ ಗೇಲಿ ಮಾಡುತ್ತಾರೆ.

ಹಝ್ರತ್ ಸಲ್ಮಾನ್(ರ) ಪರ್ಶಿಯಾದಿಂದ ಹೊರಟು, ನಾಡಿಂದ ನಾಡಿಗೆ ಅಲೆದು, ಗುಲಾಮನಾಗಿ ಮದೀನಾ ತಲುಪಿದವರು. ಊರು, ಭಾಷೆ, ಬಂಧುಗಳು ಎಲ್ಲ ದೂರ. ಪ್ರವಾದಿ(ಸ)ರು ಅವರನ್ನು ಮದೀನಾದ ಅಬುದ್ದರ್ದಾ(ರ)ರ ಸಹೋದರನನ್ನಾಗಿ ಮಾಡಿದರು. ಒಂದು ದಿನ ಸಲ್ಮಾನ್(ರ) ಆ ಸಹೋದರನ ಮನೆಗೆ ಹೋದಾಗ ಮನೆಯಾಕೆ ಮಾಸಿದ ಉಡುಪಿನಲ್ಲಿದ್ದರು. ವಿಚಾರಿಸಿದರೆ, ನಿಮ್ಮ ಸಹೋದರನಿಗೆ ಈ ಲೋಕದ ಯಾವುದೂ ಬೇಡವಾಗಿದೆ ಎಂಬ ಉತ್ತರ ಬಂತು. ಅಬುದ್ದರ್ದಾ(ರ) ಹಗಲೆಲ್ಲ ಉಪವಾಸ, ರಾತ್ರಿಯೆಲ್ಲ ನಮಾಝ್. ಸಲ್ಮಾನ್(ರ) ಏನು ಮಾಡಿದರು? ಉಪದೇಶ ಮಾಡಿ ಹೊರಟುಹೋಗಲಿಲ್ಲ. ನೀವು ಉಣ್ಣದೆ ನಾನು ಉಣ್ಣುವುದಿಲ್ಲ ಎಂದು ಕೂತರು, ಅವರು ಐಚ್ಛಿಕ ಉಪವಾಸ ಬಿಟ್ಟು ಉಂಡರು. ರಾತ್ರಿ ಅವರು ಎದ್ದಾಗಲೆಲ್ಲ ಮಲಗಿಸಿದರು, ಕೊನೆಯ ಜಾವದಲ್ಲಿ ಇಬ್ಬರೂ ಒಟ್ಟಿಗೆ ಎದ್ದು ನಮಾಝ್ ಮಾಡಿದರು. ಆಮೇಲೆ ಹೇಳಿದರು: ಪ್ರಭುವಿಗೂ ಹಕ್ಕಿದೆ, ನಿಮ್ಮ ಸ್ವಂತ ಜೀವಕ್ಕೂ, ನಿಮ್ಮ ಮನೆಯವರಿಗೂ ಹಕ್ಕಿದೆ, ಎಲ್ಲರ ಹಕ್ಕನ್ನೂ ಸಲ್ಲಿಸಿ ಎಂದು. ವಿಷಯ ಪ್ರವಾದಿ(ಸ)ರಿಗೆ ತಲುಪಿದಾಗ ಅವರು ಸಲ್ಮಾನ್(ರ)ರ ಮಾತು ಸರಿಯೆಂದರು. ಇದು ಬುಖಾರಿಯಲ್ಲಿದೆ.

ಅಲ್ಲಿ ಸಮಸ್ಯೆ ತಿನ್ನದಿರುವುದು, ನಮ್ಮದು ಅದರ ವಿರುದ್ಧ. ಆದರೆ ಹಕ್ಕುಗಳು ಅವೇ. ಊರಿನಲ್ಲಿ ನಿಮ್ಮ ದುಡಿಮೆಯ ಮೇಲೆ ಒಂದು ಮನೆ ನಿಂತಿದೆ. ಮಗಳ ಕಾಲೇಜು, ಉಮ್ಮನ ಮಾತ್ರೆ, ಅರ್ಧ ಕಟ್ಟಿದ ಮನೆಯ ಸಾಲ. ಮೊಣಕಾಲು ಹಿಡಿದು ಏಣಿ ಹತ್ತಲಾಗದ, ಬಿಪಿ ಏರಿ ಸ್ಟಿಯರಿಂಗ್ ಹಿಡಿಯಲಾಗದ ದಿನ ಆ ಮನೆ ಏನಾಗುತ್ತದೆ? ದೇಹ ಅಮಾನತ್ ಎಂದು ನಾವು ಹೇಳುವುದು ಬರೀ ಮಾತಿಗಲ್ಲ.

ಸಲ್ಮಾನ್(ರ) ರೀತಿಯ ಒಬ್ಬ ಸಹೋದರನನ್ನು ಹುಡುಕಿಕೊಳ್ಳಿ. ಒಬ್ಬ ಸಾಕು. ರೂಮಿನವನೇ ಆದರೆ ಉತ್ತಮ, ಇಲ್ಲದಿದ್ದರೆ ಮಸೀದಿಯ ಜೊತೆಗಾರ. ಅವನೂ ದಪ್ಪಗಿರಬೇಕೆಂದಿಲ್ಲ. ಸಪೂರ ಇರುವ ಸಹೋದರರಿಗೆ ಕೆಲಸವಿದೆ ಎಂದು ಮೊದಲು ಹೇಳಿದ್ದು ಇದನ್ನೇ. ವಾರಕ್ಕೊಮ್ಮೆ ಕೇಳುವುದು, ಗುಟ್ಟು ಕಾಯುವುದು, ನಗದಿರುವುದು, ಇಷ್ಟೇ ನಿಮ್ಮ ಜವಾಬ್ದಾರಿ.

ನಗದಿರುವುದು ಎಂದು ಬೇಕೆಂದೇ ಬರೆದಿದ್ದೇನೆ. ದಪ್ಪಗಿರುವವನಿಗೆ ಅಡ್ಡಹೆಸರು ಇಡುವುದು ನಮ್ಮ ಕ್ಯಾಂಪುಗಳಲ್ಲಿ ತಮಾಷೆ. ಹುಜುರಾತ್ ಅಧ್ಯಾಯದ 11ನೇ ಸೂಕ್ತ ಅದನ್ನು ನಿಷೇಧಿಸಿದೆ. ಅಬ್ದುಲ್ಲಾಹ್ ಬಿನ್ ಮಸ್‌ಊದ್(ರ) ಮಿಸ್ವಾಕ್ ಕಡ್ಡಿಗಾಗಿ ಮರ ಹತ್ತಿದಾಗ ಅವರ ಸಣ್ಣ ಕಾಲುಗಳನ್ನು ಕಂಡು ಕೆಲವರು ನಕ್ಕರು. ಆ ಕಾಲುಗಳು ಅಂತಿಮ ದಿನದ ತಕ್ಕಡಿಯಲ್ಲಿ ಉಹುದ್ ಬೆಟ್ಟಕ್ಕಿಂತ ಭಾರವಾಗಿರುತ್ತವೆ ಎಂದರು ಪ್ರವಾದಿ(ಸ)ರು. ಸಪೂರ ಮೈಗೆ ಅಂದು ಹೇಳಿದ್ದು ದಪ್ಪ ಮೈಗೂ ಸಲ್ಲುತ್ತದೆ. ಇಲ್ಲಿಯ ತಕ್ಕಡಿಯ ಅಂಕಿಯಿಂದ ಯಾರ ಯೋಗ್ಯತೆಯೂ ತೀರ್ಮಾನವಾಗುವುದಿಲ್ಲ. ಗೇಲಿಗೆ ಒಳಗಾದವನು ಒಂದು ಹೊತ್ತು ಉಪವಾಸ ಬಿದ್ದು, ರಾತ್ರಿ ಕದ್ದು ಮೂರು ಹೊತ್ತಿನದ್ದು ತಿನ್ನುತ್ತಾನೆ. ಗೇಲಿಯಿಂದ ಯಾರೂ ಇಳಿದದ್ದಿಲ್ಲ.

ಪುಸ್ತಕ ಬರೆಯುವುದು

ಲೆಕ್ಕ ಕೇಳುವ ದಿನ ಬರುವ ಮೊದಲು ನಿಮ್ಮ ಲೆಕ್ಕ ನೀವೇ ನೋಡಿಕೊಳ್ಳಿ ಎಂಬ ಅರ್ಥದ ಹಝ್ರತ್ ಉಮರ್(ರ)ರ ಮಾತನ್ನು ನಾವು ಖುತುಬಾಗಳಲ್ಲಿ ಕೇಳುತ್ತೇವೆ. ಮುಹಾಸಬಾ ಎನ್ನುವುದು ಅದನ್ನೇ. ಇದಕ್ಕೆ ಹೊಸದೇನೂ ಕಲಿಯಬೇಕಿಲ್ಲ. ಯಾರು ಯಾವ ದಿನ ಎಷ್ಟು ರಿಯಾಲಿನ ಕೋಳಿ ತಂದರು, ತಲೆಗೆ ಎಷ್ಟು ಬಂತು ಎಂದು ಒಂದು ಹಲಾಲಾ ಬಿಡದೆ ನಾವು ಮೆಸ್ಸಿನ ಪುಸ್ತಕ ಬರೆಯುತ್ತೇವೆ. ಕೋಳಿಯ ಲೆಕ್ಕ ಬರೆಯುವ ಕೈಗೆ ಹೊಟ್ಟೆಯ ಲೆಕ್ಕ ಕಷ್ಟವಲ್ಲ. ಬಖಾಲಾದಿಂದ ಒಂದು ಚಿಕ್ಕ ನೋಟ್‌ಬುಕ್, ಒಂದು ದರ್ಜಿಯ ಟೇಪು ತನ್ನಿ.

ಶುಕ್ರವಾರ ಫಜ್ರ್ ಆದ ಮೇಲೆ, ಟಾಯ್ಲೆಟ್‌ಗೆ ಹೋಗಿ ಬಂದು, ನೇರ ನಿಂತು ಉಸಿರು ಬಿಟ್ಟು, ಹೊಕ್ಕುಳಿನ ಮಟ್ಟದಲ್ಲಿ ಅಳೆಯಿರಿ. ಹೊಟ್ಟೆ ಒಳಗೆಳೆದುಕೊಂಡರೆ ಟೇಪಿಗೆ ಮೋಸ, ನಿಮಗೂ ಮೋಸ. ನಮ್ಮ ಕಡೆಯ ಗಂಡಸರಿಗೆ 90 ಸೆಂಟಿಮೀಟರ್ ದಾಟಿದರೆ ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆಯ ಅಪಾಯ ಹೆಚ್ಚು. ತೂಕದ ಯಂತ್ರ ಸಿಕ್ಕರೆ ತೂಕವನ್ನೂ ಬರೆಯಿರಿ, ಪ್ರತಿ ಸಲ ಅದೇ ಯಂತ್ರ. ದಿನಾ ತೂಗಿ ಕಂಗೆಡಬೇಡಿ. ಉಪ್ಪು, ನೀರಿನ ಏರಿಳಿತಕ್ಕೇ ಒಂದೆರಡು ಕಿಲೊ ಆಚೀಚೆ ಆಗುತ್ತದೆ. ರಮಝಾನ್‌ನ ಮೊದಲ ವಾರ ಕಾಣುವ ಇಳಿತದಲ್ಲಿ ಹೆಚ್ಚಿನದು ನೀರೇ.

ಅಂಕಿಯ ಕೆಳಗೆ ಎರಡು ಸಾಲು. ಈ ವಾರ ಎಲ್ಲಿ ತಪ್ಪಿತು, ಮುಂದಿನ ವಾರ ಏನು ಒಂದನ್ನು ಮಾಡುತ್ತೇನೆ. ಉದಾಹರಣೆಗೆ ಹೀಗೆ:

"ಶುಕ್ರವಾರ. ಸೊಂಟ 103. ತೂಕ 94. ಮೂರು ದಿನ ಎರಡು ಬಾಕ್ಸ್ ಆಯಿತು. ಬುಧವಾರ ಫೋನಿನಲ್ಲಿ ಅಣ್ಣನ ಜೊತೆ ಜಗಳ, ರಾತ್ರಿ ಒಂದು ಗಂಟೆಗೆ ಪರೋಟ. ಮುಂದಿನ ವಾರ: ತರಾವೀಹ್ ಮುಗಿಸಿ ಬೂಫಿಯಾದ ದಾರಿಯಲ್ಲಿ ಬರುವುದಿಲ್ಲ, ಹಿಂದಿನ ಗೇಟಿನಿಂದ ರೂಮಿಗೆ."

ಇಷ್ಟೇ. ಅದನ್ನು ಜೊತೆಗಾರನಿಗೆ ಓದಿ ಹೇಳಿ. ಅವನು ಎರಡು ಪ್ರಶ್ನೆ ಕೇಳಲಿ: ಆ ಹೊತ್ತಿಗೆ ನಿಜವಾಗಿ ಹಸಿವಿತ್ತೇ? ಮುಂದಿನ ವಾರ ನಾನು ಏನು ಮಾಡಿದರೆ ನಿನಗೆ ಸುಲಭ? ಮೂರು ತಿಂಗಳು ಬರೆದರೆ ನಿಮ್ಮ ಹೊಟ್ಟೆಯ ಗುಟ್ಟು ನಿಮಗೇ ಕಾಣುತ್ತದೆ. ಒಬ್ಬನಿಗೆ ಸಂಬಳದ ದಿನ, ಒಬ್ಬನಿಗೆ ರಜೆಯ ಶುಕ್ರವಾರ, ಮತ್ತೊಬ್ಬನಿಗೆ ಊರಿನ ಫೋನ್. ಫೋನ್ ಕಾರಣವಾದರೆ ಮದ್ದು ಅಡುಗೆಮನೆಯಲ್ಲಿಲ್ಲ. ಫೋನ್ ಇಟ್ಟ ಕೂಡಲೇ ವುಝೂ ಮಾಡಿ ಹತ್ತು ನಿಮಿಷ ಹೊರಗೆ ನಡೆಯುವುದು, ಅಥವಾ ಜೊತೆಗಾರನ ಮಂಚದ ಮೇಲೆ ಹೋಗಿ ಕೂತು ವಿಷಯ ಹೇಳಿಕೊಳ್ಳುವುದು.

ಗುರಿ ಚಿಕ್ಕದಿರಲಿ. ಈಗಿನ ತೂಕದ ನೂರಕ್ಕೆ ಐದು ಭಾಗ ಇಳಿದರೂ ಬಿಪಿ, ಸಕ್ಕರೆ ಸುಧಾರಿಸಲು ತೊಡಗುತ್ತವೆ. 94 ಕಿಲೊದವನಿಗೆ ಅದು ಐದು ಕಿಲೊಗೂ ಕಡಿಮೆ. ವಾರಕ್ಕೆ ಅರ್ಧ ಕಿಲೊ ಸಾಕು. ಅಲ್ಪವಾದರೂ ನಿರಂತರವಾಗಿ ಮಾಡುವ ಕರ್ಮ ಅಲ್ಲಾಹನಿಗೆ ಅತಿ ಪ್ರಿಯ ಎಂಬ ಆಯಿಶಾ(ರ)ರ ವರದಿಯನ್ನು ನಮಾಝ್‌ಗೆ, ದಾನಕ್ಕೆ ಅನ್ವಯಿಸುವ ನಾವು ಊಟಕ್ಕೂ ಅನ್ವಯಿಸಬಹುದು.

ತಪ್ಪಿದ ದಿನ

ತಪ್ಪುತ್ತದೆ. ಯಾರದ್ದೋ ಇಫ್ತಾರ್ ಪಾರ್ಟಿ, ಮಂದಿ, ಬಿರಿಯಾನಿ, ಕೊನೆಗೆ ಕುನಾಫಾ. ಮರುದಿನ ಎರಡು ಕೆಟ್ಟ ಯೋಚನೆಗಳು ಬರುತ್ತವೆ. ಒಂದು, ಹೇಗೂ ಕೆಟ್ಟಿತು, ಈ ತಿಂಗಳು ಹೋಗಲಿ, ಈದ್ ಕಳೆದು ನೋಡೋಣ ಎಂಬುದು. ಇನ್ನೊಂದು, ಶಿಕ್ಷೆಯಾಗಿ ಸಹರಿ ಬಿಡುವುದು. ಎರಡೂ ಬೇಡ. ಒಂದು ಫಜ್ರ್ ತಪ್ಪಿದವನು ಝುಹರ್ ಬಿಡುತ್ತಾನೆಯೇ? ಕಝಾ ಮಾಡಿ ಮುಂದಿನ ನಮಾಝ್‌ಗೆ ನಿಲ್ಲುತ್ತಾನೆ. ಹಾಗೆಯೇ ಮುಂದಿನ ಊಟ ಮಾಮೂಲಿಯಂತೆ, ಅಳತೆಯಂತೆ. ಪುಸ್ತಕದಲ್ಲಿ ಒಂದು ಸಾಲು ಬರೆಯಿರಿ. ತಪ್ಪಿದ ವಾರದಲ್ಲೇ ಪುಸ್ತಕ ಮುಚ್ಚಿಡಲು ಮನಸ್ಸಾಗುತ್ತದೆ, ಆ ವಾರ ಮಾತ್ರ ಬಿಡಬೇಡಿ. ಜೊತೆಗಾರನಿಂದ ತಲೆ ತಪ್ಪಿಸಿಕೊಳ್ಳಬೇಡಿ.

ಇಳಿದ ತೂಕ ಮತ್ತೆ ಏರುವುದಕ್ಕೆ ಈಮಾನ್‌ನ ಕೊರತೆ ಕಾರಣ ಎಂದು ನಿಮ್ಮನ್ನು ನೀವೇ ಬೈದುಕೊಳ್ಳಬೇಡಿ. ತೂಕ ಕಳೆದುಕೊಂಡ ದೇಹ ಖರ್ಚು ಕಡಿಮೆ ಮಾಡಿ ಹಸಿವು ಹೆಚ್ಚಿಸುತ್ತದೆ. ಒಂದು ವರ್ಷವಾದರೂ ಅದು ಹಾಗೇ ಇರಬಹುದು. ಬರಗಾಲ ಬಂದಿದೆ ಎಂದು ದೇಹ ತಿಳಿಯುತ್ತದೆ, ಪಾಪ. ಅದಕ್ಕೇ ಇಳಿಸುವುದಕ್ಕಿಂತ ಇಳಿದದ್ದನ್ನು ಉಳಿಸುವುದು ಕಷ್ಟ. ಅಮೆರಿಕದ ರೀನಾ ವಿಂಗ್ ಮತ್ತು ಜೇಮ್ಸ್ ಹಿಲ್ ಎಂಬ ಸಂಶೋಧಕರು 1994ರಲ್ಲಿ ಒಂದು ದಾಖಲೆ ಆರಂಭಿಸಿದರು. ಕನಿಷ್ಠ 13.6 ಕಿಲೊ ಇಳಿಸಿ ಒಂದು ವರ್ಷವಾದರೂ ಏರದಂತೆ ನೋಡಿಕೊಂಡವರಷ್ಟೇ ಅದರಲ್ಲಿ ಸೇರಬಹುದು. ಅವರು ತೂಕ ಇಳಿಸಿದ ದಾರಿಗಳು ಬೇರೆ ಬೇರೆ. ಉಳಿಸಿಕೊಂಡ ದಾರಿಯಲ್ಲಿ ಹೋಲಿಕೆ ಇತ್ತು. ಹೆಚ್ಚಿನವರು ವಾರಕ್ಕೊಮ್ಮೆಯಾದರೂ ತೂಕ ನೋಡುತ್ತಿದ್ದರು, ದಿನಕ್ಕೆ ಸುಮಾರು ಒಂದು ಗಂಟೆ ವ್ಯಾಯಾಮ ಮಾಡುತ್ತಿದ್ದರು, ಕೆಲಸದ ದಿನವೂ ರಜೆಯ ದಿನವೂ ಒಂದೇ ರೀತಿ ಉಣ್ಣುತ್ತಿದ್ದರು. ನೋಡುವುದನ್ನು ನಿಲ್ಲಿಸಿದವರಲ್ಲಿ ತೂಕ ಏರುವುದು ಹೆಚ್ಚು.

ಈದ್ ಆದ ಮೇಲೆ, ಊರಿನ ರಜೆಯಲ್ಲಿ

ಈದ್‌ನ ದಿನ ಸಂತೋಷದಿಂದ ಉಣ್ಣಿ. ಆ ದಿನ ಉಪವಾಸವೇ ನಿಷಿದ್ಧ. ಶವ್ವಾಲ್‌ನ ಆರು ಉಪವಾಸ, ಆಮೇಲೆ ಸೋಮವಾರ, ಗುರುವಾರದ ಸುನ್ನತ್ ಉಪವಾಸ ಹಿಡಿಯುವವರಿಗೆ ಅಭ್ಯಾಸ ಮುಂದುವರಿಸಲು ಸುಲಭ. ಬಿಸಿಲಿನಲ್ಲಿ ಕೆಲಸ ಮಾಡುವವರು ಬೇಸಿಗೆಯಲ್ಲಿ ಐಚ್ಛಿಕ ಉಪವಾಸಕ್ಕೆ ಆತುರ ಪಡಬೇಡಿ.

ಎರಡು ವರ್ಷದ ಲೆಕ್ಕವನ್ನು ಎರಡು ತಿಂಗಳಲ್ಲಿ ಕೆಡಿಸುವುದು ಊರಿನ ರಜೆ. ಪ್ರತಿ ಮನೆಯಲ್ಲೂ ಔತಣ, ಪ್ರತಿ ಔತಣದಲ್ಲೂ "ಸಪೂರ ಆಗಿದ್ದಿ ಮಗಾ, ಅಲ್ಲಿ ಸರಿಯಾಗಿ ಊಟ ಸಿಗುವುದಿಲ್ಲವಾ?" ಎಂಬ ಉಮ್ಮನ ಸಂಕಟ. ಆ ಕೈಯಿಂದ ಬಡಿಸಿದ್ದನ್ನು ಬೇಡ ಎನ್ನುವುದು ಯಾರಿಂದಲೂ ಆಗುವುದಿಲ್ಲ, ಎನ್ನಬೇಕಾಗಿಯೂ ಇಲ್ಲ. ಹೋಗುವ ಮೊದಲೇ ಫೋನಿನಲ್ಲಿ ಹೇಳಿಡಿ: ಉಮ್ಮಾ, ಡಾಕ್ಟರ್ ತೂಕ ಇಳಿಸಲು ಹೇಳಿದ್ದಾರೆ, ನೀವು ಮಾಡಿದ್ದನ್ನೆಲ್ಲ ತಿನ್ನುತ್ತೇನೆ, ಆದರೆ ಒಂದೇ ಸಲ ಬಡಿಸಬೇಕು. ಡಾಕ್ಟರ್ ಹೇಳಿದ್ದಾರೆ ಎಂದರೆ ಉಮ್ಮಂದಿರು ಒಪ್ಪುತ್ತಾರೆ. ಹೆಂಡತಿಗೆ ಪುಸ್ತಕ ತೋರಿಸಿ. ಎರಡು ತಿಂಗಳಿಗೆ ಅವಳೇ ಜೊತೆಗಾರ್ತಿ, ಶುಕ್ರವಾರದ ಟೇಪು ಅವಳ ಕೈಯಲ್ಲಿ. ಅವಳಿಗೂ ಸಕ್ಕರೆ, ಬಿಪಿ ಇದ್ದರೆ ಒಂದೇ ಪುಸ್ತಕದಲ್ಲಿ ಎರಡು ಕಾಲಂ ಎಳೆಯಿರಿ. ವಾಪಸ್ ಬಂದ ಮೇಲೂ ವಾರಕ್ಕೊಮ್ಮೆ ಇಬ್ಬರೂ ಅಂಕಿ ಹೇಳಿಕೊಳ್ಳಬಹುದು.

ಇಲ್ಲಿಯ ಜೊತೆಗಾರನಿಗೆ ಸೈಟ್ ಬದಲಾಗಬಹುದು, ಫೈನಲ್ ಎಕ್ಸಿಟ್ ಆಗಿ ಅವನು ಊರಿಗೇ ಹೋಗಬಹುದು. ಅವನು ಹೊರಡುವ ವಾರವೇ ಇನ್ನೊಬ್ಬನನ್ನು ಗೊತ್ತು ಮಾಡಿ, ಮೂವರೂ ಒಟ್ಟಿಗೆ ಒಂದು ಶುಕ್ರವಾರ ಕೂತು ಹಳೆಯ ಪುಟಗಳನ್ನು ತೋರಿಸಿ. ಹೊಸಬನಿಗೆ ಮೊದಲಿನಿಂದ ಹೇಳಬೇಕಾಗುವುದಿಲ್ಲ. ಯಾರೂ ಸಿಗದಿದ್ದರೆ ಜುಮಾ ಮುಗಿದ ಮೇಲೆ ಮಸೀದಿಯಲ್ಲಿ ಕನ್ನಡ ಕ್ಲಾಸ್ ನಡೆಸುವ ಸಹೋದರರಿಗೆ ಹೇಳಿ. ಜೊತೆಗಾರ ಬೇಕೆಂದು ಕಾಯುತ್ತಿರುವ ಇನ್ನೊಬ್ಬರು ಅಲ್ಲಿ ಖಂಡಿತ ಇರುತ್ತಾರೆ.